ನಾಲ್ಕನೇ ಬೀಟಿನ ಉಸಿರು

ಅಂದು ನೀರು ಬರುವ ದಿನವಾಗಿತ್ತು. ಬೆಳಗಿನ ಐದೂಕಾಲಿಗೆ ನಲ್ಲಿ ಎರಡು ಸಲ ಕೆಮ್ಮಿ ಗಾಳಿ ಬಿಟ್ಟಿತು, ಆಮೇಲೆ ಒಂದು ಬಕೇಟಿನಷ್ಟು ಕೆಂಪು ನೀರು ಕೊಟ್ಟಿತು. ಅದನ್ನು ದಾಸವಾಳದ ಬುಡಕ್ಕೆ ಸುರಿದು, ನೆಲದ ಟಾಕಿಗೆ ಪೈಪು ಇಳಿಬಿಟ್ಟು, ಒಲೆಯ ಮೇಲೆ ಹಾಲಿಟ್ಟೆ. ನಮ್ಮ ಮನೆಯವರು ಎದ್ದು ಬಂದು "ನೀರು ಬಂತೇನ?" ಎಂದು ಕೇಳಿದರು. ಟಾಕಿಗೆ ನೀರು ಬೀಳುವ ಸದ್ದು ಅವರ ಕಾಲಬುಡದಲ್ಲೇ ಇತ್ತು. "ಬಂತ್ರಿ" ಎಂದೆ. ಮದುವೆಯಾದಾಗಿನಿಂದ ಅವರು ಹೀಗೇ ಕೇಳುತ್ತಾರೆ, ನಾನು ಹೀಗೇ ಹೇಳುತ್ತೇನೆ.

ಆರು ರೊಟ್ಟಿ ಬಡಿದೆ. ನಾಲ್ಕು ಅವರ ಡಬ್ಬಿಗೆ, ಎರಡು ನನ್ನ ಚೀಲಕ್ಕೆ. ಚೀಲದಲ್ಲಿ ಹಿಂದಿನ ದಿನವೇ ಛತ್ರಿ, ನೀರಿನ ಬಾಟಲಿ, ಗ್ಲೂಕೋಸ್ ಪುಡಿ ಮತ್ತು ನನ್ನ ಕಬಡ್ಡಿಯ ನೋಟುಬುಕ್ಕು ಸೇರಿದ್ದವು. ಅವರು ಚೀಲದ ಕಡೆ ನೋಡಿದರು.

"ಇವತ್ತ ಏನು?"

"ಇವತ್ತ."

"ಆ ಹುಡುಗಿ ಏನಂತಾಳ?"

"ರಾತ್ರಿ ನಿದ್ದಿ ಬಂದಿಲ್ಲಂತ."

"ನಿನಗ?"

"ನನಗೂ ಬಂದಿಲ್ಲ."

ಅವರು ಪೇಪರಿನ ಕ್ರೀಡಾ ಪುಟ ತೆಗೆದು ಕ್ರಿಕೆಟ್ ಓದಲು ಕುಳಿತರು.

ಆ ಹುಡುಗಿ ಎಂದರೆ ಬಾಜೂ ಮನೆಯ ಭಾಭಿಯ ಮಗಳು. ಅವಳ ಅಬ್ಬಾನದು ಹುಬ್ಬಳ್ಳಿಯಲ್ಲಿ ಬೈಕ್ ರಿಪೇರಿ ಗ್ಯಾರೇಜು, ಅದಕ್ಕೆ ಹತ್ತಿಕೊಂಡೇ ಸ್ಪೇರ್ ಪಾರ್ಟ್ಸ್ ಅಂಗಡಿ. ಭಾಭಿ ಮನೆಯಲ್ಲಿ ಬ್ಲೌಸು ಹೊಲಿಯುತ್ತಾರೆ. ನಮ್ಮ ನವನಗರದ ಅರ್ಧ ಹೆಂಗಸರ ಅಳತೆ ಅವರಿಗೆ ಬಾಯಿಪಾಠ, ಆದರೆ ಯಾರದನ್ನೂ ಯಾರಿಗೂ ಹೇಳುವುದಿಲ್ಲ. ಮಗಳು ಬಿ.ಕಾಂ. ಕೊನೆಯ ವರ್ಷ, ಕಾಲೇಜಿನ ಕಬಡ್ಡಿ ತಂಡದ ರೈಡರ್. ಅಂದು ಧಾರವಾಡದಲ್ಲಿ ವಿಶ್ವವಿದ್ಯಾಲಯದ ಹುಡುಗಿಯರ ತಂಡಕ್ಕೆ ಆಯ್ಕೆ ನಡೆಯುವುದಿತ್ತು. ಅವಳಿಗೆ ಬಿ.ಪಿ.ಎಡ್. ಮಾಡಿ ಆಟದ ಟೀಚರ್ ಆಗುವ ಆಸೆ. ಅವಳ ಅಬ್ಬಾ ಕೆಟ್ಟ ಮನುಷ್ಯರಲ್ಲ, ಲೆಕ್ಕದ ಮನುಷ್ಯರು. "ಯುನಿವರ್ಸಿಟಿ ಟೀಮಿನ್ಯಾಗ ಬಂದ್ರ ಓದು. ಬರಲಿಲ್ಲಂದ್ರ ಅಂಗಡಿಯಾಗ ಕೂಡು. ಪಾರ್ಟ್ಸ್ ಹೆಸರ ಹ್ಯಾಂಗೂ ನಿನಗ ಗೊತ್ತದಾವ" ಎಂದಿದ್ದರು. ಹೋದ ವರ್ಷ ಅವಳು ಆಯ್ಕೆಯಾಗಿರಲಿಲ್ಲ. ಇನ್ನೊಂದು ವರ್ಷ ಉಳಿದಿರಲಿಲ್ಲ.

ನನಗೂ ಕಬಡ್ಡಿಗೂ ಏನು ಸಂಬಂಧ ಎಂದು ಸಂಬಂಧಿಕರು ಕೇಳುತ್ತಾರೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ನಮಗೆ ಕಬಡ್ಡಿ ಇರಲಿಲ್ಲ, ಥ್ರೋಬಾಲ್ ಇತ್ತು. ಥ್ರೋಬಾಲಿನಲ್ಲಿ ನಡುವೆ ನೆಟ್ಟು ಇರುತ್ತದೆ, ಯಾರೂ ಯಾರ ಕಾಲನ್ನೂ ಹಿಡಿಯುವುದಿಲ್ಲ. ಆದರೆ ಕಂಪೌಂಡಿನ ಆಚೆ ಸರಕಾರಿ ಸಾಲೆಯ ಬಯಲಿತ್ತು. ಹೊಲಿಗೆ ಪಿರಿಯಡ್ಡಿನಲ್ಲಿ ನಾನು ಕೂರುತ್ತಿದ್ದ ಜಾಗದ ಎದುರು ಗೋಡೆಯಲ್ಲಿ ಒಂದು ಇಟ್ಟಿಗೆ ಬಿದ್ದುಹೋಗಿತ್ತು. ಆ ಕಿಂಡಿಯಲ್ಲಿ ಕಾಲುಗಳು ಮಾತ್ರ ಕಾಣುತ್ತಿದ್ದವು: ಬರಿಗಾಲು, ಕೆಂಪು ಮಣ್ಣು, ಎಳೆದಾಟ. ಮೂರು ವರ್ಷ ಕಬಡ್ಡಿಯನ್ನು ಮೊಣಕಾಲಿನವರೆಗೆ ನೋಡಿದೆ. ಮೇಲಿನ ಅರ್ಧ ನೋಡಿದ್ದು ಮದುವೆಯಾದ ಮೇಲೆ. ಅಂದಿನಿಂದ ಹುಬ್ಬಳ್ಳಿ ಧಾರವಾಡದಲ್ಲಿ ಎಲ್ಲಿ ಕಾಲೇಜು ಹುಡುಗಿಯರ ಪಂದ್ಯವಿದ್ದರೂ, ಅಡಿಗೆ ಮುಗಿದಿದ್ದರೆ, ಛತ್ರಿ ಹಿಡಿದುಕೊಂಡು ಹೋಗುತ್ತೇನೆ.

ನೋಟುಬುಕ್ಕಿನಲ್ಲಿ ಒಳ್ಳೆಯ ಹುಡುಗಿಯರ ಬಗ್ಗೆ ಬರೆದಿಡುವ ಚಟ ಇದೆ. ಹೆಸರಿನ ಮುಂದೆ ಕಾಲಿನ ವೇಗ, ಕಣ್ಣು, ಸಿಟ್ಟು. ಪೇಪರಿನವರು ಇವರನ್ನು "ಭರವಸೆಯ ಆಟಗಾರ್ತಿ" ಎಂದು ಬರೆಯುತ್ತಾರೆ. ಆ ಪದ ಹಾಲಿನ ಪ್ಯಾಕೀಟಿನ ಹಾಗೆ, ಇಂಥ ತಾರೀಖಿನವರೆಗೆ ಎಂದು ಎಲ್ಲೋ ಸಣ್ಣದಾಗಿ ಅಚ್ಚಾಗಿರುತ್ತದೆ. ನನ್ನ ಬುಕ್ಕಿನ ಒಬ್ಬ ಭರವಸೆಯ ಆಟಗಾರ್ತಿ ಈಗ ಬಸ್ಸಿನಲ್ಲಿ ಟಿಕೆಟು ಕೊಡುತ್ತಾಳೆ. ನೂಕುನುಗ್ಗಲಿನಲ್ಲಿ ಅವಳು ಒಂದೇ ಕಾಲಿನ ಮೇಲೆ ತಿರುಗಿ ಹಿಂದೆ ಬರುವ ರೀತಿ ನೋಡಿದರೆ ನನಗೆ ಹೊಟ್ಟೆ ತುಂಬುತ್ತದೆ. ಇನ್ನೊಬ್ಬಳು ಮದುವೆಯೊಂದರಲ್ಲಿ ಸಿಕ್ಕಳು, ಬಗಲಲ್ಲಿ ಕೂಸು. "ನೀವು ಛತ್ರಿ ಆಂಟಿ ಹೌದಲ್ರಿ?" ಎಂದಳು. ಹೌದು ಎಂದೆ. "ಈಗೂ ಹೋಗ್ತೀರೇನ್ರಿ ನೋಡಾಕ?" ಎಂದಳು. ಹೌದು ಎಂದೆ. ಅವಳು ಕೂಸನ್ನು ಇನ್ನೊಂದು ಬಗಲಿಗೆ ಬದಲಿಸಿ ಊಟಕ್ಕೆ ಹೋದಳು. ಅವಳ ಪುಟದಲ್ಲಿ ಮುಂದೆ ಏನು ಬರೆಯಬೇಕೋ ತಿಳಿಯದೆ ಹಾಗೇ ಬಿಟ್ಟಿದ್ದೇನೆ.

ರ್ಯಾಪ್ ನನ್ನ ಬದುಕಿಗೆ ಗೋಡೆಯ ಮೂಲಕ ಬಂತು. ನಮಗೂ ಭಾಭಿಗೂ ಅಡಿಗೆಮನೆಯ ಗೋಡೆ ಒಂದೇ. ಒಂದು ಸಂಜೆ ಆ ಕಡೆಯಿಂದ ಒಬ್ಬ ಗಂಡಸು ನಮ್ಮ ಕಡೆಯ ಮಾತಿನಲ್ಲೇ, ಪ್ರಾಸ ಹಚ್ಚಿ, ಯಾರಿಗೋ ಬಯ್ಯುತ್ತಿರುವುದು ಕೇಳಿಸಿತು. ನಮ್ಮ ಮನೆಯವರು ಟೀವಿಯ ಸದ್ದು ಕಡಿಮೆ ಮಾಡಿದರು.

"ಹಾಡಾಕತ್ತಾನೋ, ಜಗಳಾ ಆಡಾಕತ್ತಾನೋ?"

"ಎರಡೂ ಅನಸ್ತೈತ್ರಿ."

ಅದು ಹುಡುಗಿಯ ಫೋನು. ಹುಬ್ಬಳ್ಳಿಯ ಹುಡುಗರೇ ಕಟ್ಟಿ ಹಾಡಿದ್ದಂತೆ. ಅವಳ ಜೊತೆ ಕುಳಿತು ಹತ್ತಾರು ಕೇಳಿದೆ. ಎಲ್ಲದರ ಸಾರ ಒಂದೇ: ನಾನು ಬಂದಿದ್ದೇನೆ, ದಾರಿ ಬಿಡಿ. ಎಲ್ಲಿಂದ ಬಂದರು, ಎಲ್ಲಿಗೆ ಹೊರಟರು ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಕಾಲೇಜಿನ ಆಟಗಾರ್ತಿಯರು ಇದಕ್ಕೆ ಪೂರಾ ಉಲ್ಟಾ. ಒಂದೇ ರೈಡಿನಲ್ಲಿ ಮೂವರನ್ನು ಮುಟ್ಟಿ ಬಂದ ಹುಡುಗಿಯನ್ನು ಕೇಳಿದರೆ "ಏನೋ ಆತ್ರಿ ಆಂಟಿ" ಎನ್ನುತ್ತಾಳೆ. ಇವರ ಆಟಕ್ಕೆ ಅವರ ಬಾಯಿ ಸಿಕ್ಕಿದ್ದರೆ ಎಂದು ಅನೇಕ ಸಲ ಅನಿಸಿದೆ. ಅವರ ಬಾಯಿಗೆ ಇವರ ಆಟ ಸಿಕ್ಕಿದ್ದರೆ ಎಂದೂ.

ಆದರೂ ಒಂದು ವಿಷಯದಲ್ಲಿ ಆ ಹಾಡುಗಾರರ ಮೇಲೆ ಗೌರವ ಬಂತು. ಎಷ್ಟೇ ಜೋರಾಗಿ ಓಡಿದರೂ ಸಾಲಿನ ಕೊನೆಯ ಅಕ್ಷರ ಸ್ಪಷ್ಟ. ನಮ್ಮ ಭಾಷಣದ ಸಿಸ್ಟರ್ ಅದನ್ನೇ ಹೇಳುತ್ತಿದ್ದರು: ಕೊನೆಯ ಅಕ್ಷರ ನುಂಗುವವರು ಉಸಿರು ಮುಗಿದವರು. ಅವರು ನಮ್ಮ ಬಾಯಿಯ ಮುಂದೆ ಮೇಣದಬತ್ತಿ ಹಚ್ಚಿಟ್ಟು ಪದ್ಯ ಹೇಳಿಸುತ್ತಿದ್ದರು. ಜ್ವಾಲೆ ಅಲುಗಬಾರದು. ನಡುವೆ ಉಸಿರೆಳೆದದ್ದು ಕೇಳುವವರಿಗೆ ಗೊತ್ತಾದರೆ ಅರ್ಧ ಅಂಕ ಕಳೆಯುತ್ತಿದ್ದರು. ನನಗೆ ಮೂರು ವರ್ಷ ಸತತ ಬಹುಮಾನ ಬಂತು. ಮೂರು ಸಲವೂ ಸೋಪಿನ ಡಬ್ಬಿ.

ಹುಡುಗಿಯ ತೊಂದರೆಯೂ ಉಸಿರಿನದೇ. ರೈಡಿಗೆ ಹೋದವರು ಎದುರಿನ ಅಂಗಳದಲ್ಲಿರುವಷ್ಟು ಹೊತ್ತೂ ಒಂದೇ ದಮ್ಮಿನಲ್ಲಿ "ಕಬಡ್ಡಿ ಕಬಡ್ಡಿ" ಅನ್ನುತ್ತಿರಬೇಕು. ನಡುವೆ ಉಸಿರೆಳೆದರೆ ಔಟ್. ಟೀವಿಯ ಕಬಡ್ಡಿಯಲ್ಲಿ ಲೈಟು, ಡ್ರಮ್ಮು, ಕೂಗಾಟದ ನಡುವೆ ದಮ್ಮು ಯಾರಿಗೂ ಕೇಳುವುದಿಲ್ಲ. ಇಲ್ಲಿಯ ಬಯಲುಗಳಲ್ಲಿ ಹಳೆಯ ಅಂಪೈರುಗಳು ಇನ್ನೂ ಕಿವಿಗೊಟ್ಟು ಕೇಳುತ್ತಾರೆ. ಹೋದ ವರ್ಷದ ಆಯ್ಕೆಯಲ್ಲಿ ಅವಳ ದಮ್ಮು ಮೂರು ಸಲ ಹತ್ತೇ ಸೆಕೆಂಡಿಗೆ ಮುರಿಯಿತು. ಆಯ್ಕೆ ಮಾಡುವ ಮೇಡಂ "ಕಾಲದಾವ, ಕಣ್ಣೈತಿ, ದಮ್ಮಿಲ್ಲ" ಎಂದು ಮುಂದಿನವಳ ನಂಬರು ಕರೆದರು.

ಅಂದು ಬಸ್ಸಿನಲ್ಲಿ ಮರಳುವಾಗ ಅವಳು ಅಳಲಿಲ್ಲ. ಕಿವಿಗೆ ಇಯರ್‌ಫೋನು ಹಾಕಿಕೊಂಡು ತುಟಿ ಆಡಿಸುತ್ತ ಕುಳಿತಳು. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ. ಎರಡು ಸ್ಟಾಪು ಹೋದರೂ ಅದು ನಿಲ್ಲಲಿಲ್ಲ.

"ಕಬಡ್ಡಿಗೆ ಹತ್ತು ಸೆಕೆಂಡಿಗೆ ಸೋಲೂ ದಮ್ಮು, ಇದಕ್ಕ ಹ್ಯಾಂಗ ಸಾಲತೈತಿ?" ಎಂದು ಕೇಳಿದೆ.

"ಇದು ಬ್ಯಾರೆ ಆಂಟಿ. ಇದರಾಗ ನಾಲ್ಕನೇ ಬೀಟಿಗೆ ಉಸರ ಕದೀತಾರ. ಯಾರಿಗೂ ಗೊತ್ತಾಗಂಗಿಲ್ಲ."

ನಾನು ನೋಟುಬುಕ್ಕು ತೆಗೆದು "ನಾಲ್ಕನೇ ಬೀಟು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಕದಿಯುವ ಮಾತನ್ನು ಬರೆದುಕೊಳ್ಳಲಿಲ್ಲ.

ಆ ವಾರದಿಂದಲೇ ನಮ್ಮ ಮಾಳಿಗೆಯ ಮೇಲೆ ಅಭ್ಯಾಸ ಶುರುವಾಯಿತು. ಮಾಳಿಗೆಯ ಗಾಳಿಗೆ ಮೇಣದಬತ್ತಿ ನಿಲ್ಲಲಿಲ್ಲ, ಆದ್ದರಿಂದ ದೇವರ ಮನೆಯ ಊದಿನಕಡ್ಡಿ ತಂದೆ. ಅವಳು ಹೊಗೆಯ ಮುಂದೆ ಬಾಯಿಟ್ಟು ಹಾಡಬೇಕು, ಹೊಗೆ ನೆಟ್ಟಗೆ ಏರಬೇಕು. ಮೊದಲು ಫೋನಿನ ಹಾಡು. ಆಮೇಲೆ ಅವಳೇ ನೀರಿನ ದಿನದ ಮೇಲೆ ಒಂದು ಕಟ್ಟಿದಳು:

ನಳಾ ಬಂತು, ಏಳು ಲಗೂ, ತುಂಬು ಕೊಡಾ ಬಕೇಟ,
ನಿದ್ದಿ ಹೊಡದ್ರ ನಿನ್ನ ಪಾಳಿ ಆತು ನೋಡು ಲೇಟ,
ಕರದಾಗ ಬರೂ ಅಳಿಯಾ ಅಲ್ಲ, ಮಾಡ್ತಾನ ಭಾಳ ಥಾಟ,
ನಾ ನವನಗರದಾಕಿ ಲೇ, ನಡ್ಯಂಗಿಲ್ಲ ನಿನ್ನ ಆಟ!

ಕೊನೆಯ ಸಾಲಿನ "ಲೇ" ಬೇಡ ಎಂದೆ. ಅದಿಲ್ಲದಿದ್ದರೆ ಬೀಟು ಕೂಡುವುದಿಲ್ಲ ಎಂದಳು. ಹಾಡಿ ನೋಡಿದೆ, ಕೂಡಲಿಲ್ಲ. ಉಳಿಸಿಕೊಂಡೆವು. ಕೊನೆಯ ಅಕ್ಷರ ನುಂಗದೆ ಹೇಗೆ ಹೇಳಬೇಕೆಂದು ಒಮ್ಮೆ ನಾನೇ ನಾಲ್ಕೂ ಸಾಲು ಹೇಳಿ ತೋರಿಸಬೇಕಾಯಿತು. ಎದುರಿನ ಮಾಳಿಗೆಯಲ್ಲಿ ಹಪ್ಪಳ ಒಣಹಾಕುತ್ತಿದ್ದ ಅಜ್ಜಿ ಕೈ ನಿಲ್ಲಿಸಿ ನೋಡಿದರು. ನಾನು ಪೂರ್ತಿ ಮುಗಿಸಿಯೇ ಕೆಳಗಿಳಿದೆ. ಅರ್ಧಕ್ಕೆ ಬಿಡುವುದನ್ನು ಕಾನ್ವೆಂಟಿನಲ್ಲಿ ಕಲಿಸಿಲ್ಲ.

ತಿಂಗಳುಗಳು ಕಳೆದವು. ಹಾಡಿನ ಮಾತು ತೆಗೆದು ಆ ಜಾಗದಲ್ಲೆಲ್ಲ "ಕಬಡ್ಡಿ" ಇಟ್ಟೆವು. ಬೀಟು ಅದೇ. ಹತ್ತು ಸೆಕೆಂಡು ಇದ್ದದ್ದು ಇಪ್ಪತ್ತಾಯಿತು, ಮೂವತ್ತಾಯಿತು. ಮೂವತ್ತೆಂಟು ಆದ ದಿನ ಭಾಭಿ ಹಾಲು ಶಾವಿಗೆಯ ಸುರಕುಂಬಾ ಮಾಡಿ ಕಳಿಸಿದರು. ಹೊಗೆ ಒಮ್ಮೊಮ್ಮೆ, ಕ್ಷಣ ಮಾತ್ರ, ಅವಳ ಬಾಯಿಯ ಕಡೆಗೇ ಬಾಗಿ ಮತ್ತೆ ನೆಟ್ಟಗಾಗುತ್ತಿತ್ತು. ಗಾಳಿ ಇರಬೇಕು ಎಂದುಕೊಂಡೆ.

ಆಯ್ಕೆಯ ಆ ಬೆಳಿಗ್ಗೆ ಏಳಕ್ಕೆ ಭಾಭಿ ಕೈಯಲ್ಲಿ ಪೈಪು ಹಿಡಿದುಕೊಂಡೇ ಗೇಟಿಗೆ ಬಂದರು.

"ಅಕ್ಕಾರ, ನೀರಿನ ದಿನ ಇಬ್ಬರೂ ಹೋದ್ರ ಟಾಕಿ ಯಾರ ನೋಡ್ಬೇಕ್ರಿ? ನೀವ ಹೋಗಿ ಬರ್ರಿ. ಕೀಲಿ ಕೊಡ್ರಿ, ನಿಮ್ಮ ಟಾಕಿನೂ ನಾನ ತುಂಬಸ್ತೇನಿ."

"ನಿಮಗ ನೋಡಬೇಕು ಅನಸೂದಿಲ್ಲೇನ್ರಿ ಭಾಭಿ?"

"ಆಕಿ ಆಡೂವಾಗ ನಾ ಕಣ್ಣ ಮುಚ್ಚಕೊಂಡ ಕುಂತಿರ್ತೇನ್ರಿ. ಇಲ್ಲೆ ನೀರರ ತುಂಬತೈತಿ."

ಮಗಳ ದುಪಟ್ಟಾದ ತುದಿಯಿಂದ ಅವಳ ಹಣೆ ಒರೆಸಿ, ಪೈಪು ಜಾರಿತೆಂದು ಓಡಿಹೋದರು.

ಬಸ್ಸಿನಲ್ಲಿ ಹುಡುಗಿ ನನ್ನ ಬಲ ಮಣಿಕಟ್ಟು ಹಿಡಿದುಕೊಂಡು ಕುಳಿತಳು. ಧಾರವಾಡ ಬರುವಷ್ಟರಲ್ಲಿ ನನ್ನ ಹಸಿರು ಬಳೆ ಒಂದು ಟಕ್ ಎಂದು ಒಡೆಯಿತು. "ಸಾರಿ ಆಂಟಿ" ಎಂದಳು, ಆದರೆ ಕೈ ಬಿಡಲಿಲ್ಲ. ಇಳಿದ ಮೇಲೆ ನೋಡಿಕೊಂಡರೆ ನಾಲ್ಕು ಬೆರಳಿನ ಗುರುತು ಕೆಂಪಗೆ ಎದ್ದಿತ್ತು. ಪಾಪ, ಹೆದರಿದ್ದಾಳೆ ಎಂದುಕೊಂಡೆ.

ಬಯಲಿನಲ್ಲಿ ಸುಣ್ಣದ ಗೆರೆ ಹಾಕಿ, ಬಂದ ಹುಡುಗಿಯರನ್ನು ಎರಡು ತಂಡ ಮಾಡಿ ಎದೆಗೆ ನಂಬರಿನ ಕಾಗದ ಚುಚ್ಚಿದ್ದರು. ಹೋದ ವರ್ಷದ ಮೇಡಂ ಈ ವರ್ಷವೂ ಕುರ್ಚಿಯಲ್ಲಿ ಇದ್ದರು. ಅಂಪೈರು ವಯಸ್ಸಾದವರು, ಸೀಟಿಯನ್ನು ಜನಿವಾರದ ಹಾಗೆ ದಾರದಲ್ಲಿ ಅಡ್ಡ ಹಾಕಿಕೊಂಡಿದ್ದರು. ರೈಡರ್ ಹೊರಟರೆ ತಾವೂ ಪಕ್ಕದಲ್ಲೇ ಸರಿಯುತ್ತ ಕಿವಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ನಾನು ಮೆಟ್ಟಿಲಿನ ಮೇಲೆ ಛತ್ರಿ ಬಿಚ್ಚಿ ಕುಳಿತೆ. ಪಕ್ಕದಲ್ಲಿ ಬಿಳಿ ಟೊಪ್ಪಿಗೆಯ ಒಬ್ಬ ಕಾಕಾ. ಅಮ್ಮಿನಬಾವಿಯವರು, ಎದುರು ತಂಡದ ಎತ್ತರದ ರೈಡರ್ ಅವರ ಅಣ್ಣನ ಮಗಳು.

"ನಮ್ಮಾಕಿ ಹೊಲದಾಗ ನಿಂತ ಕರದ್ರ ಊರಾಗ ಚಹಾ ಸೋಸ್ತಾರ್ರಿ" ಎಂದರು.

ಅದು ಸುಳ್ಳಲ್ಲ. ಆ ಹುಡುಗಿ ಬಯಲಿಗೆಲ್ಲ ಕೇಳುವ ದನಿಯಲ್ಲಿ ಮೊದಲ ರೈಡಿಗೆ ಬಂದು ಇಬ್ಬರನ್ನು ಮುಟ್ಟಿ, ನಡೆದುಕೊಂಡು ಹೋದಂತೆ ಹೋದಳು.

ನಮ್ಮ ಹುಡುಗಿ ಗೆರೆಯನ್ನು ಬಲಗೈಯಿಂದ ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗೆ ಹೋದಳು. "ಕಬಡ್ಡಿ ಕಬಡ್ಡಿ ಕಬಡ್ಡಿ." ಎಂಥ ಸ್ಪಷ್ಟ ದನಿ! ಒಂದು ಡ್ಡಿಯನ್ನೂ ನುಂಗಲಿಲ್ಲ. ಸಿಸ್ಟರ್ ಇದ್ದಿದ್ದರೆ ಸೋಪಿನ ಡಬ್ಬಿ ಕೊಟ್ಟಿರುತ್ತಿದ್ದರು. ನಾನು ಮನಸ್ಸಿನಲ್ಲೇ ಬೀಟು ಎಣಿಸುತ್ತಿದ್ದೆ: ಒಂದು, ಎರಡು, ಮೂರು, ನಾಲ್ಕು.

ಅಂಪೈರು ಸೀಟಿ ಊದಿದರು.

"ಔಟ್. ದಮ್ಮ ಕಡೀತು."

"ಬಿಟ್ಟಿಲ್ರಿ ಸರ್!"

"ಬಿಟ್ಟಿಲ್ಲವಾ, ಖರೇ. ಎಳಕೊಂಡಿ."

ಆ ಮಾತು ಕೇಳಿದ ಕೂಡಲೇ ನನಗೆ ಮಾಳಿಗೆಯ ಹೊಗೆ ಕಣ್ಣಿಗೆ ಬಂತು, ಅವಳ ಬಾಯಿಯ ಕಡೆಗೆ ಬಾಗಿ ಮತ್ತೆ ನೆಟ್ಟಗಾಗುವ ಹೊಗೆ. ಅದು ಗಾಳಿಯಾಗಿರಲಿಲ್ಲ. ಮೂವತ್ತೆಂಟು ಸೆಕೆಂಡು ಒಂದು ದಮ್ಮಿನದಾಗಿರಲಿಲ್ಲ. ಒಂಬತ್ತು ತಿಂಗಳು ನಾನು ಆ ಹುಡುಗಿಗೆ ದಮ್ಮು ಹಿಡಿಯುವುದನ್ನು ಕಲಿಸಿರಲಿಲ್ಲ, ಯಾರಿಗೂ ತಿಳಿಯದಂತೆ ಮುರಿಯುವುದನ್ನು ಕಲಿಸಿದ್ದೆ. ರ್ಯಾಪಿನವರು ಕದಿಯಲು ಹೇಳಿಕೊಟ್ಟರು, ಕಾನ್ವೆಂಟು ಸದ್ದಾಗದಂತೆ ಕದಿಯಲು ಹೇಳಿಕೊಟ್ಟಿತು. ಇಷ್ಟು ವರ್ಷ ಕಬಡ್ಡಿ ನೋಡಿದ ನನಗೆ ಅದರ ಮೊದಲನೇ ನಿಯಮ ಗೊತ್ತಿರಲಿಲ್ಲವೆಂದಲ್ಲ. ಸೆಕೆಂಡು ಏರುತ್ತಿದ್ದ ಖುಷಿಯಲ್ಲಿ ಅದು ನೆನಪಿಗೇ ಬರಲಿಲ್ಲ.

ಎರಡನೇ ರೈಡಿನಲ್ಲೂ ಅದೇ ನಾಲ್ಕನೇ ಬೀಟಿಗೆ ಸೀಟಿ ಊದಿದರು. ಮೂರನೆಯದರಲ್ಲಿ ಅವಳು ಹೆದರಿ, ಒಳಗೆ ಎರಡು ಹೆಜ್ಜೆ ಇಟ್ಟು ಖಾಲಿ ಕೈಯಲ್ಲಿ ಮರಳಿದಳು. ಕುರ್ಚಿಯಲ್ಲಿದ್ದ ಮೇಡಂ ಏನನ್ನೋ ಬರೆದುಕೊಂಡರು. ಸಣ್ಣ ಬರಹ. ಒಂದೇ ಪದ ಇರಬೇಕು.

"ನಿಮ್ಮ ಹುಡುಗಿ ಒಳಗ ಹೋಗೂದು ಭಾಳ ಛಲೋ ಹೊಕ್ಕಾಳ್ರಿ ಬಾಯಾರ" ಎಂದರು ಕಾಕಾ. "ಹೊರಗ ಬರೂದ ಒಂದೀಟ ಕಲೀಬೇಕು."

ಚೀಲದಿಂದ ಒಂದು ರೊಟ್ಟಿ ತೆಗೆದು ಅವರಿಗೆ ಕೊಟ್ಟೆ. ಅವರು ಬಾಯಿಗಿಟ್ಟುಕೊಂಡರು.

ವಿರಾಮದಲ್ಲಿ ಅವಳು ನನ್ನ ಹತ್ತಿರ ಬಂದು ಕೆಳಗಿನ ಮೆಟ್ಟಿಲಿನ ಮೇಲೆ ಕುಳಿತಳು. ಮೊಣಕಾಲಿಗೆಲ್ಲ ಕೆಂಪು ಮಣ್ಣು.

"ನಿಲ್ಸಾಕ ಆಗವಲ್ದು ಆಂಟಿ. ನಾಲ್ಕು ಬಂತಂದ್ರ ತಾನ ಎಳಕೋತೈತಿ."

"ತಪ್ಪು ನಂದವಾ. ಹೊಗಿ ನೋಡಿನೂ ನನಗ ತಿಳೀಲಿಲ್ಲ."

"ಈಗ ಅದನ್ನ ಮಾತಾಡಿದ್ರ ಏನ್ ಬರ್ತೈತಿ? ಗ್ಲೂಕೋಸ್ ಕೊಡ್ರಿ."

ಕೊಟ್ಟೆ. ಕುಡಿದು, ಬಾಟಲಿಯ ಮುಚ್ಚಳ ಸರಿಯಾಗಿ ತಿರುಗಿಸಿ ನನ್ನ ಚೀಲದೊಳಗೆ ನಿಲ್ಲಿಸಿಟ್ಟಳು. ಬೇರೆ ಹುಡುಗಿಯಾಗಿದ್ದರೆ ಎಸೆಯುತ್ತಿದ್ದಳು. ಅಂಗಡಿಯಲ್ಲಿ ನಟ್ಟು ಬೋಲ್ಟುಗಳ ಡಬ್ಬಿಗಳ ನಡುವೆ ಇವಳು ಕುಳಿತಿರುವುದು ನನಗೆ ಆಗಲೇ ಕಾಣತೊಡಗಿತ್ತು. ಎಲ್ಲ ಡಬ್ಬಿಯ ಮುಚ್ಚಳವೂ ಸರಿಯಾಗಿ ಇರುತ್ತಿತ್ತು.

ಅಷ್ಟರಲ್ಲಿ ಅವಳ ತಂಡದ ಎಡ ಕಾರ್ನರಿನ ಹುಡುಗಿ ಹೆಬ್ಬೆರಳಿನ ಉಗುರು ಕಿತ್ತುಕೊಂಡು ಹೊರಗೆ ಕುಳಿತಳು. ಎಡ ಕಾರ್ನರ್ ಎಂದರೆ ಅಂಗಳದ ಎಡ ತುದಿಯಲ್ಲಿ ನಿಂತು, ಬಂದ ರೈಡರಿನ ಕಾಲು ಹಿಡಿಯುವ ಜಾಗ. ಮೇಡಂ ಕುರ್ಚಿಯಿಂದಲೇ ಕೂಗಿದರು.

"ಏ, ನಂಬರ್ ಹದಿನಾರು, ನೀ ಹೋಗಿ ಅಲ್ಲೆ ನಿಲ್ಲು. ಅಲ್ಲೆ ದಮ್ಮ ಏನ ಬೇಕಾಗಿಲ್ಲ."

ನಂಬರ್ ಹದಿನಾರು ನಮ್ಮವಳದು. ಹೋಗಿ ನಿಂತಳು. ಅಮ್ಮಿನಬಾವಿಯ ಹುಡುಗಿ ರೈಡಿಗೆ ಬಂದಳು. ಉಳಿದವರೆಲ್ಲ ಅವಳ ಕೈಯನ್ನೋ ಸೊಂಟವನ್ನೋ ನೋಡುತ್ತಿದ್ದರು. ನಮ್ಮವಳು ನೆಲ ನೋಡುತ್ತಿದ್ದಳು, ತಲೆ ಒಂದಿಷ್ಟು ಓರೆ. ಮಾಳಿಗೆಯ ಮೇಲೆ ನಾನು ಪದ್ಯ ಹೇಳಿ ತೋರಿಸುವಾಗ ಅವಳು ಹೀಗೇ ನಿಲ್ಲುತ್ತಿದ್ದಳು. ಈ ಹುಡುಗಿ ಆಡುತ್ತಿಲ್ಲ, ಕೇಳುತ್ತಿದ್ದಾಳೆ ಎಂದು ನನಗೆ ಹೊಳೆಯಿತು.

ನಾನೂ ಕಿವಿಗೊಟ್ಟೆ. ಎತ್ತರದ ಹುಡುಗಿಯ ದನಿ ದೊಡ್ಡದು, ಎಲ್ಲರಿಗೂ ಅದರ ದೊಡ್ಡತನವೇ ಕೇಳುತ್ತಿತ್ತು. ಆದರೆ ಒಂದು ಹಂತದಲ್ಲಿ ಕೊನೆಯ ಡ್ಡಿ, ಕೂದಲೆಳೆಯಷ್ಟು, ಸಣ್ಣದಾಯಿತು. ಕೊನೆಯ ಅಕ್ಷರ ನುಂಗುವವರು ಉಸಿರು ಮುಗಿದವರು. ಅವಳು ಮರಳಲೆಂದು ಹಿಂದಿನ ಕಾಲು ಎತ್ತುವ ಮೊದಲೇ ನಮ್ಮವಳು ನೆಲಕ್ಕೆ ಬಿದ್ದು ಇನ್ನೊಂದು ಕಾಲಿನ ಗಿಣ್ಣು ಹಿಡಿದಿದ್ದಳು. ಉಳಿದ ಆರು ಜನ ಮೇಲೆ ಬಿದ್ದರು. ಧೂಳು. ಸೀಟಿ.

ಕಾಕಾ ರೊಟ್ಟಿ ನುಂಗುವುದನ್ನು ನಿಲ್ಲಿಸಿದರು.

"ಜಾರಿದ್ಲು" ಎಂದರು.

ಎರಡನೇ ಸಲವೂ ಹಿಡಿದಳು. "ಬಿಸಲಿಗೆ ಕಣ್ಣ ಕಟ್ಟತೈತ್ರಿ" ಎಂದರು. ಮೂರನೇ ಸಲ ಆ ಎತ್ತರದ ಹುಡುಗಿ ಜಾಣತನದಿಂದ ಬಲಗಡೆಯೇ ಆಡಿದಳು. ಆದರೂ ದಮ್ಮು ಮುಗಿಯುವ ಹೊತ್ತಿಗೆ ನಮ್ಮವಳು ಎಡ ತುದಿಯಿಂದ ಅಲ್ಲಿಗೆ ತಲುಪಿದ್ದಳು. ಕಾಕಾ ಈ ಸಲ ನನ್ನ ಕಡೆ ತಿರುಗಿ "ಪಲ್ಯೆ ಏನಾರ ಐತೇನ್ರಿ?" ಎಂದರು. ಎಣ್ಣೆಗಾಯಿ ಇತ್ತು, ಕೊಟ್ಟೆ.

ಮಧ್ಯಾಹ್ನ ಮೂರಕ್ಕೆ ಮೇಡಂ ಎದ್ದು ನಿಂತು ಹೆಸರು ಓದಿದರು. ಅಮ್ಮಿನಬಾವಿಯ ಹುಡುಗಿಯದು ಮೊದಲನೆಯದು. ಒಂಬತ್ತು ಹೆಸರು ಆದವು, ಹತ್ತಾದವು. ಹುಡುಗಿ ನನ್ನ ಅದೇ ಮಣಿಕಟ್ಟನ್ನು ಹಿಡಿದಿದ್ದಳು. ಉಳಿದ ಬಳೆಗಳನ್ನು ನಾನು ಮೊದಲೇ ತೆಗೆದು ಚೀಲಕ್ಕೆ ಹಾಕಿದ್ದೆ. ಹನ್ನೊಂದನೆಯದು ಅವಳದು.

ಮೇಡಂ ಫಾರ್ಮು ತಿರುವಿ ಅವಳನ್ನು ಕರೆದರು. "ರೈಡರ್ ಅಂತ ಬರದೀಯಲ್ಲ? ಹೊಡದ ಹಾಕು. ಎಡ ಕಾರ್ನರ್ ಅಂತ ಬರಿ."

ಹುಡುಗಿ ಪೆನ್ನು ಹಿಡಿದು ಒಂದು ಕ್ಷಣ ನಿಂತಳು. ಆರು ವರ್ಷ ರೈಡರ್ ಆಗಿದ್ದವಳು. ಹೋಗುವವರಿಗೇ ಚಪ್ಪಾಳೆ, ಹಿಡಿಯುವವರ ಫೋಟೋ ಪೇಪರಿನಲ್ಲಿ ಬರುವುದು ಕಡಿಮೆ. ಆಮೇಲೆ ಗೆರೆ ಎಳೆದು ಬರೆದಳು. ಅಕ್ಷರಗಳು ದುಂಡಗಿದ್ದವು.

ಬಸ್ಸಿನಲ್ಲಿ ಅವಳು ಇಯರ್‌ಫೋನು ಹಾಕಿಕೊಳ್ಳಲಿಲ್ಲ. ಅಬ್ಬಾನಿಗೆ ಫೋನು ಮಾಡಿದಳು. ಅವರು ಆ ಕಡೆಯಿಂದ "ಹಂಗಾರ ಅಂಗಡಿಗೆ ಒಬ್ಬ ಹುಡುಗನ್ನ ನೋಡಬೇಕಾತು" ಎಂದದ್ದು ನನಗೂ ಕೇಳಿಸಿತು. ಆ ಮನೆಯಲ್ಲಿ ಅಭಿನಂದನೆ ಹೀಗಿರುತ್ತದೆ. ಆ ಎತ್ತರದ ಹುಡುಗಿ ಮರಳುವುದು ಮೊದಲೇ ಹೇಗೆ ತಿಳಿಯಿತು ಎಂದು ನಾನು ಅವಳನ್ನು ಕೇಳಿದೆ.

"ಏನೋ ಆತ್ರಿ ಆಂಟಿ" ಎಂದಳು. ಮೊಣಕಾಲಿನ ಕೆಂಪು ಮಣ್ಣು ಉಜ್ಜುತ್ತ, "ಕಡೀ ಡ್ಡಿ ಸಣ್ಣದಾತಲ್ರಿ" ಎಂದಳು. ನಾನು ನೋಟುಬುಕ್ಕು ತೆಗೆದೆ.

ಮನೆ ಮುಟ್ಟಿದಾಗ ಸಂಜೆ ಐದಾಗಿತ್ತು. ಹುಡುಗಿ ನೇರವಾಗಿ ಸ್ನಾನಕ್ಕೆ ಹೋದಳು, ನೀರಿಗೆ ಅಂದು ಬರವಿರಲಿಲ್ಲ. ಭಾಭಿ ಮೆಟ್ಟಿಲಿನ ಮೇಲೆ ಕುಳಿತು ಯಾರದೋ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದರು. ಮಗಳು ಬಾಗಿಲಲ್ಲೇ ವಿಷಯ ಹೇಳಿ ಹೋಗಿದ್ದಳು. ಅವರ ಕಣ್ಣು ಒದ್ದೆಯಾಗಿತ್ತು, ಆದರೆ ಸೂಜಿ ನಿಂತಿರಲಿಲ್ಲ. ಪಕ್ಕದಲ್ಲಿದ್ದ ಕೀಲಿ ಎತ್ತಿ ಕೊಟ್ಟರು.

"ನಿಮ್ಮ ಟಾಕಿ ತುಂಬೇತ್ರಿ. ಮ್ಯಾಲಿಂದೂ ತುಂಬಸೇನಿ."

ನಾನು ಅಲ್ಲೇ ಮೆಟ್ಟಿಲಿನ ಮೇಲೆ ಕುಳಿತೆ. ಯಾರಿಗಾದರೂ ಹೇಳಲೇಬೇಕಿತ್ತು. ನಾಲ್ಕನೇ ಬೀಟು, ಹೊಗೆ, ಸೀಟಿ, ನನ್ನ ತಪ್ಪು, ಎಲ್ಲ ಹೇಳಿದೆ. ಕದಿಯುವವರಿಗೆ ಮಾತ್ರ ಇನ್ನೊಬ್ಬರ ಕಳವು ಗೊತ್ತಾಗುತ್ತದೆ, ಒಂಬತ್ತು ತಿಂಗಳು ಉಸಿರಿನ ಮೇಲೆ ಕಿವಿ ಇಟ್ಟಿದ್ದಕ್ಕೇ ಅವಳು ಇನ್ನೊಬ್ಬಳ ಉಸಿರು ಮುಗಿಯುವುದನ್ನು ಮೊದಲೇ ಕೇಳಿದಳು, ಆದ್ದರಿಂದ ನಮ್ಮ ಅಭ್ಯಾಸ ಒಂದು ರೀತಿಯಲ್ಲಿ ವ್ಯರ್ಥವಾಗಲಿಲ್ಲ, ರ್ಯಾಪಿಗೂ ಕಬಡ್ಡಿಗೂ ಸಂಬಂಧ ಇದೆ, ನಾನು ಅಂದುಕೊಂಡ ಕಡೆ ಇರಲಿಲ್ಲ ಅಷ್ಟೇ ಎಂದೂ ಹೇಳಿದೆ. ಬಹಳ ಹೊತ್ತು ಮಾತಾಡಿದೆ. ನಡುವೆ ಎಲ್ಲಿ ಉಸಿರು ತೆಗೆದುಕೊಂಡೆನೋ ನನಗೇ ಗೊತ್ತಿಲ್ಲ.

ಭಾಭಿ ದಾರವನ್ನು ಹಲ್ಲಿನಿಂದ ಕಡಿದರು. ನನ್ನ ಕೈ ಎತ್ತಿ, ಮಣಿಕಟ್ಟಿನ ಗುರುತು ನೋಡಿ, ಮತ್ತೆ ಕೆಳಗಿಟ್ಟರು.

"ಸಣ್ಣಾಕಿದ್ದಾಗ ಬಜಾರದಾಗ ನನ್ನ ಕಾಲ ಹಿಡದ್ಲಂದ್ರ, ಇಬ್ಬರು ಜಗ್ಗಿದ್ರೂ ಬಿಡ್ತಿರಲಿಲ್ರಿ ಅಕ್ಕಾರ" ಎಂದು ಮುಂದಿನ ಹುಕ್ಕು ಹುಡುಕಿಕೊಂಡರು. "ನೀವು ಕೇಳಿದ್ರ ನಾ ಅವಾಗ ಹೇಳ್ತಿದ್ದೆ."